ಗುರುತಿನ ಮಾತನ್ನು ಸ್ವಿಚ್ಚು ನಂಬುವುದು ಯಾವಾಗ?

(ನಮ್ಮ ಸಂಘದ ವಾಚನಾಲಯದಲ್ಲಿ ನಡೆಯುವ ಭಾನುವಾರದ ತರಗತಿಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಕೆಲಸ, ಗಿರಣಿಯ ಕೆಲಸ, ಟ್ಯಾಕ್ಸಿಯ ಕೆಲಸ ಎಂದು ಮುಂಬಯಿಗೆ ಬಂದವರ ಮನೆಗಳಲ್ಲಿ ಈಗ ಬೇರೆ ಬಗೆಯ ದುಡಿಮೆಗಾರರು ತಯಾರಾಗಿದ್ದಾರೆ. ಈ ಸಭೆಯಲ್ಲಿಯೇ ಕಚೇರಿಗಳಿಗೆ ಕೇಬಲು ಎಳೆಯುವವರಿದ್ದಾರೆ. ಸರ್ವರು ಕೋಣೆಯ ಚಳಿಯಲ್ಲಿ ರಾತ್ರಿ ಪಾಳಿ ಕಾಯುವವರಿದ್ದಾರೆ. ಮಾಲಾಡ್, ಐರೋಳಿಗಳ ಕಡೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ದಿನವೆಲ್ಲ ಗ್ರಾಹಕರೊಡನೆ ಮಾತಾಡುವವರೂ ಇದ್ದಾರೆ. ಮಾತಾಡುವವರಿಗೂ ಕೇಬಲು ನೋಡುವವರಿಗೂ ಒಂದು ಹಳೆಯ ತಕರಾರುಂಟು. ಮಾತು ತುಂಡುತುಂಡಾಗಿ ಕೇಳಿಸುತ್ತದೆಂದು ಇವರು, ಲೈನು ಚೆನ್ನಾಗಿಯೇ ಇದೆಯೆಂದು ಅವರು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದೆಂಬುದು ಬಹಳ ಮಂದಿಗೆ ತೋಚುವುದಿಲ್ಲ. ಕೊನೆಗೆ ತಪ್ಪು ಯಾರ ತಲೆಗೆ ಬರುತ್ತದೆಂಬುದು ನಿಮಗೆ ಗೊತ್ತೇ ಇದೆ. ಗ್ರಾಹಕನು ಸಿಟ್ಟಿನಿಂದ ಫೋನಿಟ್ಟರೆ ಅಂಕ ಕಡಿಮೆಯಾಗುವುದು ಮಾತಾಡಿದವರದು.

ಆ ತಕರಾರು ಹುಟ್ಟುವ ಸ್ಥಳ ಒಂದು ಸಣ್ಣ ಪೆಟ್ಟಿಗೆ. ಅದಕ್ಕೆ ಸ್ವಿಚ್ಚೆಂದು ಹೆಸರು. ದೀಪದ ಸ್ವಿಚ್ಚಲ್ಲ; ಕಚೇರಿಯ ಕಂಪ್ಯೂಟರುಗಳ, ಫೋನುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಒಂದು ತಂತಿಯಿಂದ ಬಂದ ಮಾಹಿತಿಯ ಪೊಟ್ಟಣವನ್ನು ಓದಿ, ಯಾವ ತಂತಿಗೆ ಹೋಗಬೇಕೋ ಅಲ್ಲಿಗೆ ಬಿಡುವುದು ಅದರ ಕೆಲಸ. ಈ ಪೊಟ್ಟಣಗಳ ಮೇಲೆ 'ಇದು ಅವಸರದ್ದು, ಇದು ಸಾವಕಾಶದ್ದು' ಎಂದು ಗುರುತು ಹಾಕುವ ಪದ್ಧತಿಯಿದೆ. ಆ ಗುರುತನ್ನು ಸ್ವಿಚ್ಚು ಹೇಗೆ ನಡೆಸಿಕೊಳ್ಳುತ್ತದೆಂಬುದೇ ಈ ದಿನದ ವಿಷಯ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ದಾರಿ ಖಾಲಿಯಿರುವಾಗ ಗುರುತಿಗೆ ಏನೂ ಬೆಲೆಯಿಲ್ಲ. ಬೆಳಗಿನ ಮೂರು ಗಂಟೆಗೆ ಹೆದ್ದಾರಿಯಲ್ಲಿ ಆಂಬುಲೆನ್ಸಿಗೂ ಹಾಲಿನ ವ್ಯಾನಿಗೂ ವ್ಯತ್ಯಾಸವೇನು? ಸೆಕೆಂಡಿಗೆ ನೂರು ಕೋಟಿ ಬಿಟ್ ಸಾಗಿಸುವ, ಎಂದರೆ ಒಂದು ಗಿಗಾಬಿಟ್ಟಿನ ಪೋರ್ಟಿನಲ್ಲಿ ೧೫೦೦ ಬೈಟಿನ ದೊಡ್ಡ ಪೊಟ್ಟಣವೊಂದು ಹೊರಟುಹೋಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ ೧೨ ಭಾಗ ಸಾಕು. ಅತಿ ಸಣ್ಣ ಪೊಟ್ಟಣಗಳಾದರೆ ಒಂದು ಸೆಕೆಂಡಿಗೆ ೧೪,೮೮,೦೯೫ ಹೋಗಬಲ್ಲವು. ಇಷ್ಟು ವೇಗದಲ್ಲಿ ಒಂದೊಂದನ್ನೂ ಓದಿ ನಿರ್ಧರಿಸುವುದನ್ನು ಇಂಥ ಸ್ವಿಚ್ಚು ಸಾಮಾನ್ಯವಾಗಿ ಪ್ರೋಗ್ರಾಮಿಗೆ ಬಿಡುವುದಿಲ್ಲ. ಅದಕ್ಕಾಗಿಯೇ ಮಾಡಿದ ಚಿಪ್ಪಿನಲ್ಲಿ, ಮೊದಲೇ ಬರೆದಿಟ್ಟ ಕೋಷ್ಟಕಗಳನ್ನು ನೋಡಿ ಅದು ನಡೆಯುತ್ತದೆ. ಸ್ವಿಚ್ಚು ಯೋಚಿಸುವುದಿಲ್ಲ, ಕೋಷ್ಟಕದಲ್ಲಿ ಇದ್ದಂತೆ ಮಾಡುತ್ತದೆ. ಈ ಕೋಷ್ಟಕದ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತೊಂದರೆ ಬರುವುದು ಎರಡು ತಂತಿಗಳ ನೀರು ಒಂದೇ ನಲ್ಲಿಯಲ್ಲಿ ಹೋಗಬೇಕಾದಾಗ. ಎರಡು ಪೋರ್ಟುಗಳಿಂದ ಭರ್ತಿ ಬಂದು ಒಂದೇ ಪೋರ್ಟಿನಿಂದ ಹೊರಡಬೇಕಾದರೆ ಸಾಲು ನಿಲ್ಲಲೇಬೇಕು. ನಿಲ್ಲುವುದಕ್ಕೆ ಸ್ವಿಚ್ಚಿನೊಳಗೆ ಸ್ವಲ್ಪ ಜಾಗವಿರುತ್ತದೆ, ಅದನ್ನು ಬಫರೆನ್ನುತ್ತಾರೆ. ಹತ್ತು ಲಕ್ಷ ಬೈಟಿನ ಸಾಲು ನಿಂತಿತೆನ್ನಿ. ಗಿಗಾಬಿಟ್ ಪೋರ್ಟಿನಲ್ಲಿ ಅದು ಕರಗಲು ೮ ಮಿಲಿಸೆಕೆಂಡು. ಅದೇ ಸಾಲು ಕಚೇರಿಯಿಂದ ಹೊರಗೆ ಹೋಗುವ ೧೦೦ ಮೆಗಾಬಿಟ್ಟಿನ ಲೈನಿನ ಮುಂದೆ ನಿಂತರೆ ೮೦ ಮಿಲಿಸೆಕೆಂಡು. ಜಾಗ ತುಂಬಿದ ಮೇಲೆ ಬಂದವನ್ನು ಬಿಸಾಡುವುದೊಂದೇ ದಾರಿ.

ಫೈಲು ಕಳಿಸುವವನಿಗೆ ಇದರಿಂದ ನಷ್ಟವಿಲ್ಲ. ಕಳೆದ ಪೊಟ್ಟಣವನ್ನು ಕಂಪ್ಯೂಟರು ಮತ್ತೆ ಕಳಿಸುತ್ತದೆ. ಕೆಲಸ ಕಾಲು ನಿಮಿಷ ತಡವಾಗುತ್ತದೆ, ಅಷ್ಟೆ. ಧ್ವನಿಯ ಸಂಗತಿ ಹಾಗಲ್ಲ. ಕಚೇರಿಯ ಫೋನು ಸಾಮಾನ್ಯವಾಗಿ ನಿಮ್ಮ ಮಾತನ್ನು ೨೦ ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಸೆಕೆಂಡಿಗೆ ೫೦ ಪೊಟ್ಟಣಗಳಂತೆ ಕಳಿಸುತ್ತದೆ. ಹಳೆಯ ಜಿ.೭೧೧ ಪದ್ಧತಿಯಲ್ಲಿ ಪ್ರತಿಯೊಂದರಲ್ಲಿ ೧೬೦ ಬೈಟು ಧ್ವನಿ, ಮೇಲೆ ೪೦ ಬೈಟು ವಿಳಾಸದ ಹೊದಿಕೆ. ಒಟ್ಟು ಒಂದು ಕಡೆಗೆ ಸೆಕೆಂಡಿಗೆ ೮೦ ಸಾವಿರ ಬಿಟ್. ಬಾಯಿಂದ ಕಿವಿಗೆ ೧೫೦ ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗದಿದ್ದರೆ ಸಂಭಾಷಣೆ ಸಹಜವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.೧೧೪ ಎಂಬ ಶಿಫಾರಸು ಹೇಳುತ್ತದೆ. ಪೊಟ್ಟಣಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದರೆ ಕೇಳುವ ಕಡೆಯ ಫೋನು ಸ್ವಲ್ಪ ಕಾದು ಸರಿಪಡಿಸಿಕೊಳ್ಳುತ್ತದೆ. ಆ ಕಾಯುವ ಅವಧಿ ಮೀರಿದ ಮೇಲೆ ಬಂದದ್ದನ್ನು ಅದು ಎಸೆದುಬಿಡುತ್ತದೆ. ತಡವಾಗಿ ಬಂದ ಮಾತು ಬಾರದ ಮಾತಿಗೆ ಸಮ. ಲೈನು ಚೆನ್ನಾಗಿದೆಯೆಂದು ಪರೀಕ್ಷಕನು ಹೇಳುವುದೂ ಮಾತು ತುಂಡಾಗುವುದೂ ಒಟ್ಟಿಗೇ ನಿಜವಾಗುವುದು ಹೀಗೆ.

ಇನ್ನು ಗುರುತಿನ ಕಥೆ. ಇದು ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದುದಲ್ಲ. ೧೯೮೧ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ ೭೯೧ ಎಂಬ ಪತ್ರವು ಇಂಟರ್‌ನೆಟ್ಟಿನ ಪೊಟ್ಟಣದ ರೂಪವನ್ನು ಗೊತ್ತುಮಾಡಿತು. ಅದರಲ್ಲಿ ಒಂದು ಬೈಟನ್ನು ಸೇವೆಯ ಬಗೆಗೆಂದು ಮೀಸಲಿಟ್ಟು, ಅದರ ಮೊದಲ ಮೂರು ಬಿಟ್‌ಗಳಲ್ಲಿ ಎಂಟು ಮೆಟ್ಟಲುಗಳನ್ನು ಮಾಡಿದರು. ಕೆಳಗಿನ ಮೆಟ್ಟಲುಗಳ ಹೆಸರು ನೋಡಿ: ರುಟೀನ್, ಪ್ರಯಾರಿಟಿ, ಇಮ್ಮೀಡಿಯೆಟ್, ಫ್ಲಾಷ್, ಫ್ಲಾಷ್ ಓವರ್‌ರೈಡ್. ಇವು ಸೈನ್ಯದ ತಂತಿ ಸಂದೇಶಗಳ ಶಬ್ದಗಳು. ಅಮೆರಿಕದ ಸೈನ್ಯಕ್ಕೆ ಆಟೋವಾನ್ ಎಂಬ ಪ್ರತ್ಯೇಕ ಫೋನು ಜಾಲವಿತ್ತು. ಅದರ ಫೋನುಗಳಲ್ಲಿ ಅಂಕಿಗಳ ಪಕ್ಕದಲ್ಲಿ ನಾಲ್ಕು ಕೆಂಪು ಗುಂಡಿಗಳಿದ್ದು, ಅವುಗಳನ್ನು ಒತ್ತಿದರೆ ಕೆಳದರ್ಜೆಯ ಕರೆಯನ್ನು ಕತ್ತರಿಸಿ ಮೇಲ್ದರ್ಜೆಯ ಕರೆ ಹೋಗುತ್ತಿತ್ತು.

ನಮ್ಮ ಹಿರಿಯರಿಗೆ ಇದು ಬೇರೆ ಹೆಸರಿನಲ್ಲಿ ಗೊತ್ತು. ಊರಿಗೆ ಟ್ರಂಕ್ ಕಾಲ್ ಬುಕ್ ಮಾಡುವಾಗ ಸಾಧಾರಣವೇ, ಅರ್ಜೆಂಟೇ, ಲೈಟ್ನಿಂಗೇ ಎಂದು ಕೇಳುತ್ತಿದ್ದರು. ೨೦೧೩ರ ಜುಲೈಯಲ್ಲಿ ನಿಂತುಹೋದ ತಂತಿಯಲ್ಲಿಯೂ ಸಾಧಾರಣ, ಎಕ್ಸ್‌ಪ್ರೆಸ್ ಎಂದು ಎರಡು ಬಗೆ. ಆದರೆ ಅಲ್ಲಿ ಅವಸರ ಹೆಚ್ಚಿದಷ್ಟೂ ದರ ಹೆಚ್ಚಾಗುತ್ತಿತ್ತು. ತಾಯಿಗೆ ಕಾಯಿಲೆಯೆಂದಾಗ ಮಾತ್ರ ಮನುಷ್ಯನು ಲೈಟ್ನಿಂಗಿಗೆ ಕೈಹಾಕುತ್ತಿದ್ದನು. ಆ ದರವೇ ಸುಳ್ಳು ಅವಸರವನ್ನು ತಡೆಯುತ್ತಿತ್ತು. ಬಡವನ ನಿಜವಾದ ಅವಸರವನ್ನೂ ಅದು ಅನೇಕ ಸಲ ತಡೆಯಿತೆಂಬುದು ಬೇರೆ ಮಾತು.

ಪೊಟ್ಟಣದ ಮೇಲಿನ ಗುರುತಿಗೆ ಮಾತ್ರ ಕಾಸಿನ ಖರ್ಚಿಲ್ಲ. ಯಾವ ಕಂಪ್ಯೂಟರೂ, ಯಾವ ಆಟದ ಪ್ರೋಗ್ರಾಮೂ ತನ್ನ ಪೊಟ್ಟಣಗಳ ಮೇಲೆ ಅತಿ ಅವಸರವೆಂದು ಬರೆದುಕೊಳ್ಳಬಹುದು. ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಪ್ಲಾಯರೊಬ್ಬನು 'ಒಂದು ಮಸಾಲೆ ಅರ್ಜೆಂಟ್' ಎಂದು ಕೂಗಿದರೆ ಕಾವಲಿಯ ಮುಂದಿನ ಭಟ್ಟರು ಅದನ್ನು ಮೊದಲು ಹಾಕುತ್ತಾರೆ. ಹತ್ತೂ ಸಪ್ಲಾಯರರು ಹತ್ತೂ ದೋಸೆಗೆ ಅರ್ಜೆಂಟೆಂದು ಕೂಗತೊಡಗಿದರೆ ಆ ಶಬ್ದವನ್ನು ಭಟ್ಟರ ಕಿವಿ ಕೇಳುವುದೇ ಇಲ್ಲ. ಆಗ ಅವರು ಯಾರ ಕೂಗನ್ನು ನಂಬಬೇಕೆಂದು ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಸ್ವಿಚ್ಚಿನಲ್ಲಿಯೂ ಈ ನಂಬಿಕೆಯೇ ಮುಖ್ಯ ಪ್ರಶ್ನೆ. ಇಂಗ್ಲಿಷಿನಲ್ಲಿಯೂ ಅದಕ್ಕೆ ಟ್ರಸ್ಟ್ ಎಂದೇ ಹೆಸರಿಟ್ಟಿದ್ದಾರೆ.

ಗುರುತುಗಳಲ್ಲಿ ಎರಡು ಜಾತಿ. ಮೊದಲನೆಯದು ತಂತಿಯ ಮೇಲಿನ ಗುರುತು. ೮೦೨.೧ಕ್ಯೂ ಎಂಬ ನಿಯಮದಂತೆ ಪೊಟ್ಟಣಕ್ಕೆ ನಾಲ್ಕು ಬೈಟಿನ ಒಂದು ಪಟ್ಟಿಯನ್ನು ಅಂಟಿಸುತ್ತಾರೆ. ಅದರಲ್ಲಿ ೧೨ ಬಿಟ್ ಯಾವ ಗುಂಪಿನ ಜಾಲವೆಂಬುದಕ್ಕೆ, ಮೂರು ಬಿಟ್ ಅವಸರಕ್ಕೆ. ಎಂದರೆ ಸೊನ್ನೆಯಿಂದ ಏಳರವರೆಗೆ ಎಂಟು ದರ್ಜೆ. ಇಲ್ಲೊಂದು ತಮಾಷೆಯುಂಟು. ಒಂದು ಎಂಬ ದರ್ಜೆಯು ಸೊನ್ನೆಗಿಂತ ಕೆಳಗಿನದು! ಏಕೆಂದರೆ ಏನೂ ಹೇಳದೆ ಬಂದವರಿಗೆಲ್ಲ ಸೊನ್ನೆ. 'ನನಗೆ ಏನೂ ಅವಸರವಿಲ್ಲ, ಎಲ್ಲರೂ ಹೋದಮೇಲೆ ಹೋಗುತ್ತೇನೆ' ಎಂದು ಬಾಯಿಬಿಟ್ಟು ಹೇಳಿದವರಿಗೆ ಒಂದು. ಈ ಪಟ್ಟಿಗೆ ಆಯುಸ್ಸು ಕಡಿಮೆ. ಪೊಟ್ಟಣವು ರೂಟರನ್ನು ದಾಟಿದಾಗ ಹಳೆಯ ಪಟ್ಟಿ ಹರಿದುಹೋಗುತ್ತದೆ. ಪಟ್ಟಿಯೇ ಇಲ್ಲದ ಸಾಧಾರಣ ಪೋರ್ಟಿನಲ್ಲಿ ಅದನ್ನು ಬರೆಯುವ ಜಾಗವೇ ಇರುವುದಿಲ್ಲ.

ಎರಡನೆಯದು ಪೊಟ್ಟಣದ ಒಳವಿಳಾಸದಲ್ಲಿಯೇ ಬರೆದ ಗುರುತು. ಹಿಂದೆ ಹೇಳಿದ ಸೈನ್ಯದ ಬೈಟನ್ನು ೧೯೯೮ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ ೨೪೭೪ ಹೊಸದಾಗಿ ವ್ಯಾಖ್ಯಾನ ಮಾಡಿತು. ಮೂರು ಬಿಟ್‌ಗಳಿಗೆ ಬದಲಾಗಿ ಆರು, ೬೪ ಗುರುತುಗಳು. ಇದಕ್ಕೆ ಡಿಎಸ್‌ಸಿಪಿ ಎನ್ನುತ್ತಾರೆ. ಧ್ವನಿಗೆ ಸಾಮಾನ್ಯವಾಗಿ ಬಳಸುವ ಗುರುತು ೪೬. ಇದು ವಿಳಾಸದ ಜೊತೆಗೇ ಇರುವುದರಿಂದ ಅಳಿಸುವವರಿಲ್ಲದಿದ್ದರೆ ಕೊನೆಯವರೆಗೂ ಹೋಗುತ್ತದೆ. ಅಳಿಸುವವರು ಇದ್ದಾರೆಂಬುದೇ ಮುಂದಿನ ಕಥೆ.

ಸ್ವಿಚ್ಚಿನ ಬಾಗಿಲಲ್ಲಿ ಏನಾಗುತ್ತದೆಂದು ನೋಡೋಣ. ಪೊಟ್ಟಣ ಒಳಗೆ ಬಂದಾಗ ಆ ಪೋರ್ಟಿಗೆ ಒಂದು ಅಪ್ಪಣೆ ಇರುತ್ತದೆ. ಒಳವಿಳಾಸದ ಗುರುತನ್ನು ನಂಬು ಎಂದಿರಬಹುದು. ತಂತಿಯ ಪಟ್ಟಿಯನ್ನು ನಂಬು ಎಂದಿರಬಹುದು. ಯಾವುದನ್ನೂ ನಂಬಬೇಡ, ಎಲ್ಲವನ್ನೂ ಸೊನ್ನೆಮಾಡು ಎಂದಿರಬಹುದು. ಇಲ್ಲವೆ, ಗುರುತನ್ನು ಬಿಟ್ಟು ವಿಳಾಸವನ್ನೂ ಪ್ರೋಗ್ರಾಮಿನ ಪೋರ್ಟ್ ಸಂಖ್ಯೆಯನ್ನೂ ನೋಡಿ ನೀನೇ ಗುರುತು ಹಾಕು ಎಂದಿರಬಹುದು. ಈ ಅಪ್ಪಣೆಯ ಪ್ರಕಾರ ಪೊಟ್ಟಣಕ್ಕೆ ಸ್ವಿಚ್ಚಿನೊಳಗಿನ ಒಂದು ದರ್ಜೆ ಸಿಗುತ್ತದೆ. ಆ ದರ್ಜೆಯನ್ನು ಕೋಷ್ಟಕದಲ್ಲಿ ನೋಡಿ, ಹೊರಗೆ ಹೋಗುವ ಪೋರ್ಟಿನ ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬುದು ನಿಶ್ಚಯವಾಗುತ್ತದೆ. ಸಾಲುಗಳು ನಾಲ್ಕಿರಬಹುದು, ಎಂಟಿರಬಹುದು. ಗುರುತು ಪೊಟ್ಟಣದ್ದು, ಸಾಲು ಸ್ವಿಚ್ಚಿನದು. ಎರಡರ ನಡುವೆ ಇರುವ ಸಂಬಂಧವನ್ನು ಬರೆಯುವವನು ಮನುಷ್ಯನು.

ಆ ಮನುಷ್ಯನು ಬರೆಯದೆ ಬಿಟ್ಟರೆ ಏನಾಗುತ್ತದೆ? ಅದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ ೨೯೬೦, ೩೭೫೦ ಎಂಬ ಹಳೆಯ ಮಾದರಿಗಳು ಒಂದು ಕಾಲದಲ್ಲಿ ಕಚೇರಿ ಕಚೇರಿಗೂ ಹೋಗಿದ್ದವು. ಅವುಗಳಲ್ಲಿ ಈ ಅವಸರದ ವ್ಯವಸ್ಥೆಯನ್ನು ಚಾಲೂ ಮಾಡದೆ ಬಿಟ್ಟರೆ ಗುರುತುಗಳು ಬಂದಂತೆಯೇ ಹೊರಗೆ ಹೋಗುತ್ತವೆ. ಸ್ವಿಚ್ಚು ಅವನ್ನು ಗಣನೆಗೂ ತರುವುದಿಲ್ಲ, ಅಳಿಸುವುದೂ ಇಲ್ಲ. ಒಂದು ಸಾಲಿನ ಅಪ್ಪಣೆಯಿಂದ ವ್ಯವಸ್ಥೆಯನ್ನು ಚಾಲೂ ಮಾಡಿದ ಕ್ಷಣದಿಂದ ಎಲ್ಲ ಪೋರ್ಟುಗಳೂ ಅಪನಂಬಿಕೆಯ ಪೋರ್ಟುಗಳಾಗಿ, ಬಂದ ಗುರುತೆಲ್ಲ ಸೊನ್ನೆಯಾಗುತ್ತದೆ. ನಂಬಬೇಕಾದ ಪೋರ್ಟಿಗೆ ಪ್ರತ್ಯೇಕವಾಗಿ ಹೇಳಬೇಕು. ಅದೇ ಕಂಪನಿಯ ಆಮೇಲಿನ ೩೮೫೦ ಎಂಬ ಮಾದರಿಯಲ್ಲಿ ರೀತಿ ತಲೆಕೆಳಗು: ಹೇಳದಿದ್ದರೆ ನಂಬುತ್ತದೆ. ಎರಡಕ್ಕೂ ಸಮರ್ಥನೆಯುಂಟು, ಎರಡನ್ನೂ ಪುಸ್ತಕದಲ್ಲಿ ಬರೆದಿದ್ದಾರೆ. ಆದರೆ ಪುಸ್ತಕ ಓದದೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವವನಿಗೆ, ಹೊಸದರ ಅನುಭವದಿಂದ ಹಳೆಯದನ್ನು ಮುಟ್ಟುವವನಿಗೆ ಇಲ್ಲಿ ಹಳ್ಳ ಕಾದಿರುತ್ತದೆ.

ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಕಚೇರಿಯ ಹೆಸರು ಬೇಡ. ಸ್ವಿಚ್ಚು ಯಾರು ಮಾಡಿದ್ದೆಂಬುದೂ ಇಲ್ಲಿ ಮುಖ್ಯವಲ್ಲ. ನಮ್ಮ ಸಂಘದ ಸದಸ್ಯೆಯೊಬ್ಬರು ಅಲ್ಲಿ ಸಂಜೆಯ ಪಾಳಿಯಲ್ಲಿ ಫೋನಿನ ಕೆಲಸ ಮಾಡುತ್ತಿದ್ದರು. ದಿನಾ ಸಂಜೆ ಮಾತು ಒಡೆಯತೊಡಗಿತು. ಗ್ರಾಹಕರು 'ಏನಂದಿರಿ, ಏನಂದಿರಿ' ಎಂದು ಕೇಳುವುದು, ಕೊನೆಗೆ ಬಯ್ದು ಇಟ್ಟುಬಿಡುವುದು. ತಿಂಗಳ ಕೊನೆಗೆ ಆ ಪಾಳಿಯ ಹನ್ನೊಂದು ಜನರ ಅಂಕ ಇಳಿದು, ಪ್ರೋತ್ಸಾಹದ ಹಣ ಕಡಿತವಾಯಿತು. ಲೈನು ಕೊಟ್ಟವರು ಬಂದು ಪರೀಕ್ಷೆಮಾಡಿ ದೋಷವಿಲ್ಲವೆಂದು ಬರೆದುಕೊಟ್ಟರು. ಅವರು ಬಂದದ್ದು ಬೆಳಗಿನ ಹನ್ನೊಂದಕ್ಕೆ! ಮೇಲ್ವಿಚಾರಕರು ಆ ಕಾಗದವನ್ನು ತೋರಿಸಿ, ಉಚ್ಚಾರ ಸರಿಮಾಡಿಕೊಳ್ಳಿರೆಂದು ಉಪದೇಶ ಮಾಡಿದರು.

ಆ ಸೋದರಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಸಣ್ಣ ನೋಟುಪುಸ್ತಕದಲ್ಲಿ ಮಾತು ಒಡೆದ ಪ್ರತಿಯೊಂದು ಕರೆಯ ಗಂಟೆ ನಿಮಿಷಗಳನ್ನು ಮೂರು ವಾರ ಬರೆದಿಟ್ಟರು. ನೋಡಿದರೆ ಬಹುತೇಕ ಎಲ್ಲವೂ ಏಳರಿಂದ ಏಳೂಮುಕ್ಕಾಲರ ಒಳಗೆ. ಏಳಕ್ಕೆ ಏನು ನಡೆಯುತ್ತದೆಂದು ಸರ್ವರು ಕೋಣೆಯವರನ್ನು ವಿಚಾರಿಸಿದಾಗ, ದಿನದ ಲೆಕ್ಕಪತ್ರಗಳ ನಕಲನ್ನು ಬೇರೆ ಊರಿಗೆ ಕಳಿಸುವ ಕೆಲಸ ಆಗಲೇ ಆರಂಭವಾಗುವುದೆಂದು ತಿಳಿಯಿತು. ಆ ನಕಲೂ ಮಾತೂ ಒಂದೇ ಲೈನಿನ ಮುಂದೆ ಸಾಲು ನಿಲ್ಲುತ್ತಿದ್ದವು.

ಹಾಗಿದ್ದರೆ ಮಾತಿಗೆ ಅವಸರದ ಗುರುತಿರಲಿಲ್ಲವೆ? ಇತ್ತು. ಫೋನಿನಿಂದ ಹೊರಡುವ ಪೊಟ್ಟಣವನ್ನು ಹಿಡಿದು ನೋಡಿದರೆ ೪೬ ಎಂದು ಸ್ಪಷ್ಟವಾಗಿತ್ತು. ಅದೇ ಪೊಟ್ಟಣವು ಸ್ವಿಚ್ಚಿನಿಂದ ಹೊರಗೆ ಬಂದಾಗ ಸೊನ್ನೆ! ಕೆಲವು ವಾರಗಳ ಹಿಂದೆ ಗುತ್ತಿಗೆದಾರರ ಕಡೆಯವರೊಬ್ಬರು 'ಮಾತಿಗೆ ಒಳ್ಳೆಯದಾಗಲಿ' ಎಂದೇ ವ್ಯವಸ್ಥೆಯನ್ನು ಚಾಲೂ ಮಾಡಿ, ಫೋನಿನ ಪೋರ್ಟುಗಳಿಗೆ ನಂಬಿಕೆಯ ಅಪ್ಪಣೆ ಕೊಡದೆ ಹೋಗಿದ್ದರು. ಅಂದಿನಿಂದ ಅಲ್ಲಿಯ ಮಾತು ಲೆಕ್ಕಪತ್ರದ ಮೂಟೆಗಳ ಹಿಂದೆ ಸಾಲು ನಿಂತಿತ್ತು. ಅಪ್ಪಣೆಯನ್ನು ತಿದ್ದಲು ಹತ್ತು ನಿಮಿಷ ಬೇಕಾಯಿತು. ಕಡಿತವಾದ ಹಣದಲ್ಲಿ ಒಂದು ತಿಂಗಳದ್ದು ಹಿಂದೆ ಬಂತು. ಅದಕ್ಕೂ ಮುಂಚಿನದು ಬರಲಿಲ್ಲ. ಬಂದಷ್ಟಾದರೂ ಬಂದದ್ದು ನೋಟುಪುಸ್ತಕದಲ್ಲಿ ಗಂಟೆ ನಿಮಿಷಗಳಿದ್ದುದರಿಂದ.

ಹಾಗೆಂದು ಎಲ್ಲ ಪೋರ್ಟುಗಳನ್ನೂ ನಂಬಿಬಿಡುವುದು ಉಪಾಯವಲ್ಲ. ಆಗ ಹತ್ತು ಸಪ್ಲಾಯರರ ಕಥೆಯಾಗುತ್ತದೆ. ಮೇಜಿನ ಫೋನಿನ ಬೆನ್ನಿಗೇ ಕಂಪ್ಯೂಟರನ್ನೂ ಸಿಕ್ಕಿಸುವುದು ಕಚೇರಿಗಳ ವಾಡಿಕೆ. ಒಂದೇ ತಂತಿಯಲ್ಲಿ ಇಬ್ಬರ ಪೊಟ್ಟಣಗಳೂ ಬರುತ್ತವೆ. ಇದಕ್ಕೊಂದು ಚಮತ್ಕಾರ ಮಾಡಿದ್ದಾರೆ. ತನ್ನ ಜಾತಿಯ ಫೋನೇ ಆ ತುದಿಯಲ್ಲಿದೆಯೆಂದು ಸ್ವಿಚ್ಚು ಮೊದಲು ವಿಚಾರಿಸಿಕೊಳ್ಳುತ್ತದೆ. ಇದ್ದರೆ ಮಾತ್ರ ನಂಬಿಕೆ. ಫೋನಾದರೋ ತನ್ನ ಪೊಟ್ಟಣಕ್ಕೆ ಅವಸರದ ಪಟ್ಟಿ ಹಚ್ಚಿ, ಬೆನ್ನಿನ ಕಂಪ್ಯೂಟರಿನಿಂದ ಬಂದ ಪಟ್ಟಿಯನ್ನು ಸೊನ್ನೆಮಾಡಿ ಕಳಿಸುತ್ತದೆ. ಫೋನನ್ನು ಕಿತ್ತು ಬೇರೆ ಏನನ್ನೋ ಸಿಕ್ಕಿಸಿದರೆ ನಂಬಿಕೆ ತಾನಾಗಿಯೇ ಮುರಿಯುತ್ತದೆ.

ತಂತಿಯ ಪಟ್ಟಿಯನ್ನು ನಂಬುವ ಕಡೆ ಇನ್ನೊಂದು ಸೂಕ್ಷ್ಮವುಂಟು, ಸ್ವಲ್ಪ ಗಣಿತ ಸಹಿಸಿಕೊಳ್ಳಬೇಕು. ೪೬ನ್ನು ಎರಡರ ಅಂಕಿಗಳಲ್ಲಿ ಬರೆದರೆ ೧೦೧೧೧೦. ಅದರ ಮೊದಲ ಮೂರು ಅಂಕಿ ೧೦೧, ಎಂದರೆ ೫. ಆದುದರಿಂದ ಒಳವಿಳಾಸದಲ್ಲಿ ೪೬ ಇದ್ದವನಿಗೆ ಪಟ್ಟಿಯಲ್ಲಿ ೫ ಎಂದು ಬರೆಯುವುದು ವಾಡಿಕೆ. ಇಳಿಯುವುದು ಸುಲಭ, ಹತ್ತುವಾಗ ತೊಡಕು. ೫ ಎಂಬ ಪಟ್ಟಿಯನ್ನು ನೋಡಿ ಒಳಗುರುತನ್ನು ಬರೆಯಬೇಕಾದಾಗ ಆ ಹಳೆಯ ಸ್ವಿಚ್ಚುಗಳ ಮೂಲ ಕೋಷ್ಟಕವು ಎಂಟರಿಂದ ಗುಣಿಸಿ ೪೦ ಎಂದು ಬರೆಯುತ್ತಿತ್ತು. ಮುಂದಿನ ರೂಟರು ೪೬ಕ್ಕೆ ಮಾತ್ರ ಬಾಗಿಲು ತೆರೆಯುವುದೆಂದಿದ್ದರೆ ೪೦ ಎಂದು ಬಂದವನು ಸಾಧಾರಣ ಸಾಲಿಗೆ ಹೋಗುತ್ತಾನೆ. ನಂಬಿಕೆಯೂ ಇತ್ತು, ಪಟ್ಟಿಯೂ ಇತ್ತು, ಮಾತು ಮಾತ್ರ ಒಡೆಯಿತು! ಕೋಷ್ಟಕದಲ್ಲಿ ಐದರ ಎದುರಿಗೆ ೪೬ ಎಂದು ಕೈಯಿಂದ ತಿದ್ದಬೇಕಾಗಿತ್ತು.

ಈಗ ಅನೇಕ ಕಡೆ ಮೇಜಿನ ಫೋನೇ ಹೋಗಿ, ಕಂಪ್ಯೂಟರಿನಲ್ಲಿಯೇ ಮಾತು. ಅಲ್ಲಿ ಇನ್ನೂ ಹಿಂದೆ ಹೋಗಿ ನೋಡಬೇಕು. ಗುರುತು ಹುಟ್ಟಿಯೇ ಇರುವುದಿಲ್ಲ. ವಿಂಡೋಸಿನಲ್ಲಿ ಪ್ರೋಗ್ರಾಮು ಹಳೆಯ ರೀತಿಯಲ್ಲಿ ಗುರುತು ಬೇಡಿದರೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಕಚೇರಿಯ ಆಡಳಿತದಿಂದ ಪಾಲಿಸಿ ಬರಬೇಕು. ಮೈಕ್ರೋಸಾಫ್ಟಿನ ಟೀಮ್ಸ್ ಬಗ್ಗೆ ಆ ಕಂಪನಿಯ ಸಲಹೆಯು ಧ್ವನಿಗೆ ೪೬, ದೃಶ್ಯಕ್ಕೆ ೩೪, ಪರದೆ ಹಂಚುವುದಕ್ಕೆ ೧೮ ಎಂದಿದ್ದು, ಧ್ವನಿಗೆ ೫೦೦೦೦ದಿಂದ ೫೦೦೧೯ರವರೆಗಿನ ಪೋರ್ಟ್ ಸಂಖ್ಯೆಗಳನ್ನು ಹೇಳಿದೆ. ಕಂಪ್ಯೂಟರನ್ನು ನಂಬಲು ಮನಸ್ಸಿಲ್ಲದವನು ಈ ಸಂಖ್ಯೆಗಳನ್ನು ನೋಡಿ ಸ್ವಿಚ್ಚಿನ ಬಾಗಿಲಲ್ಲಿಯೇ ಗುರುತು ಹಾಕಬಹುದು.

ಸಾಲಿನ ಒಳಗೆ ಹೋಗೋಣ. ಧ್ವನಿಯ ಸಾಲಿಗೆ ಕಟ್ಟುನಿಟ್ಟಿನ ಪ್ರಾಶಸ್ತ್ಯ ಕೊಡುವುದುಂಟು: ಆ ಸಾಲಿನಲ್ಲಿ ಒಬ್ಬನಿದ್ದರೂ ಅವನನ್ನು ಕಳಿಸದೆ ಬೇರೆ ಸಾಲಿಗೆ ಕೈಹಾಕಕೂಡದು. ಉಳಿದ ಸಾಲುಗಳಿಗೆ ತೂಕದ ಸರದಿ; ಈ ಸಾಲಿನಿಂದ ಇಷ್ಟು, ಆ ಸಾಲಿನಿಂದ ಇಷ್ಟು ಎಂದು ಸುತ್ತು ಬರುವುದು. ಕಟ್ಟುನಿಟ್ಟಿನ ಸಾಲಿಗೆ ಮಿತಿ ಹಾಕದಿದ್ದರೆ ಉಳಿದವರು ಉಪವಾಸ ಬೀಳುತ್ತಾರೆ. ಆದುದರಿಂದ ಲೈನಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇದಕ್ಕೆ ಕೊಡಬೇಡಿರೆಂಬ ಸಲಹೆ ಬಹಳ ಕಾಲದಿಂದ ಇದೆ. ಒಳ್ಳೆಯ ಸಲಹೆಯೆಂದೇ ನನ್ನ ಅಭಿಪ್ರಾಯ.

ಆದರೆ ಮಿತಿಗೂ ಒಂದು ಮುಖವುಂಟು. ಧ್ವನಿಯ ಸಾಲಿಗೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಎಂದು ಗೊತ್ತುಮಾಡಿದರೆನ್ನಿ. ಒಂದು ಕರೆಗೆ ೮೦ ಸಾವಿರದಂತೆ ಹನ್ನೆರಡು ಕರೆಗೆ ೯,೬೦,೦೦೦, ಸರಿಹೋಯಿತು. ಹದಿಮೂರನೆಯದು ಬಂದರೆ ೧೦,೪೦,೦೦೦. ಹೆಚ್ಚಾದ ನಲವತ್ತು ಸಾವಿರವನ್ನು ಸ್ವಿಚ್ಚು ಬಿಸಾಡುತ್ತದೆ, ಆದರೆ ಹದಿಮೂರನೆಯವನದನ್ನೇ ಹುಡುಕಿ ಬಿಸಾಡುವುದಿಲ್ಲ. ಅದಕ್ಕೆ ಕರೆಗಳ ಎಣಿಕೆಯೇ ಗೊತ್ತಿಲ್ಲ. ಕೈಗೆ ಸಿಕ್ಕಿದ್ದನ್ನು ಬಿಸಾಡಿ ಹದಿಮೂರೂ ಮಾತುಗಳನ್ನು ಒಡೆಯುತ್ತದೆ. ಹದಿಮೂರನೆಯ ಕರೆಯನ್ನು ಆರಂಭದಲ್ಲಿಯೇ ಬೇಡವೆನ್ನುವ ಕೆಲಸ ಫೋನಿನ ಎಕ್ಸ್‌ಚೇಂಜಿನದು. ಜನರನ್ನು ಹೆಚ್ಚಿಸಿ ಲೈನನ್ನು ಹಾಗೆಯೇ ಬಿಟ್ಟ ಕಚೇರಿಗಳಲ್ಲಿ ಇದನ್ನು ನೋಡುತ್ತೇವೆ. ಅಲ್ಲಿ ಗುರುತು ಸರಿಯಾಗಿರುತ್ತದೆ, ನಂಬಿಕೆಯೂ ಸರಿಯಾಗಿರುತ್ತದೆ, ಜಾಗವೇ ಸಾಲದು. ಜಾಗ ಸಾಲದ ಕಡೆ ಯಾವ ಗುರುತೂ ಜಾಗವನ್ನು ಹುಟ್ಟಿಸಲಾರದು.

ತಂತಿಯಿಲ್ಲದ ವೈಫೈಯಲ್ಲಿ ಮಾತಾಡುವವರಿಗೆ ಒಂದು ಸುದ್ದಿ. ಅಲ್ಲಿ ಧ್ವನಿ, ದೃಶ್ಯ, ಸಾಧಾರಣ, ಹಿನ್ನೆಲೆ ಎಂದು ನಾಲ್ಕೇ ವರ್ಗ. ಧ್ವನಿಯ ವರ್ಗಕ್ಕೆ ೬, ೭ ಎಂಬ ದರ್ಜೆ. ೪, ೫ ದೃಶ್ಯಕ್ಕೆ. ಅನೇಕ ಉಪಕರಣಗಳು ೪೬ರ ಮೊದಲ ಮೂರು ಬಿಟ್‌ಗಳನ್ನು ಕತ್ತರಿಸಿ ೫ ಮಾಡುವುದರಿಂದ, ತಂತಿಯಲ್ಲಿ ಧ್ವನಿಯಾಗಿದ್ದವನು ಗಾಳಿಯಲ್ಲಿ ದೃಶ್ಯದ ವರ್ಗಕ್ಕೆ ಬೀಳುತ್ತಾನೆ. ೨೦೧೮ರಲ್ಲಿ ಬಂದ ಆರ್‌ಎಫ್‌ಸಿ ೮೩೨೫ ಇದನ್ನು ೬ಕ್ಕೆ ಕೂರಿಸಿರೆಂದು ಹೇಳಿದೆ.

ಕಚೇರಿಯಿಂದ ಹೊರಗೆ, ಸಾರ್ವಜನಿಕ ಇಂಟರ್‌ನೆಟ್ಟಿನಲ್ಲಿ ನಿಮ್ಮ ೪೬ಕ್ಕೆ ಮರ್ಯಾದೆ ಸಿಗುವುದೆಂದು ಭರವಸೆಯಿಡಬೇಡಿ. ಗುರುತಿನ ಅರ್ಥ ಒಂದು ಆಡಳಿತದ ಗಡಿಯೊಳಗೆ ಮಾತ್ರ; ಗಡಿ ದಾಟಿದ ಮೇಲೆ ಅವರು ಅದನ್ನು ಅಳಿಸಬಹುದು, ನೋಡದೆ ಬಿಡಬಹುದು. ಪ್ರತ್ಯೇಕ ಕರಾರುಮಾಡಿಕೊಂಡ ಖಾಸಗಿ ಲೈನಿನಲ್ಲಿ ಮಾತ್ರ ಗುರುತು ನಡೆಯುತ್ತದೆ. ಅಲ್ಲಿಯೂ ಕರಾರಿನಲ್ಲಿ ಯಾವ ಸಂಖ್ಯೆಗಳನ್ನು ಬರೆದಿದ್ದಾರೆಂದು ನೋಡಬೇಕು. ೨೦೧೮ರ ಜುಲೈಯಲ್ಲಿ ಭಾರತ ಸರಕಾರವು ನೆಟ್ ನ್ಯೂಟ್ರಾಲಿಟಿಯನ್ನು ಒಪ್ಪಿದ ಮೇಲೆ ಇಂಥ ಪ್ರಾಶಸ್ತ್ಯವೇ ಕೂಡದಲ್ಲವೆ ಎಂದು ಕೆಲವರು ಕೇಳುತ್ತಾರೆ. ಕಚೇರಿಯು ತನ್ನದೇ ಲೈನಿನಲ್ಲಿ ತನ್ನದೇ ಮಾತನ್ನು ತನ್ನದೇ ಫೈಲಿಗಿಂತ ಮುಂದೆ ಬಿಡುವುದಕ್ಕೂ, ಎಲ್ಲರಿಗೂ ಸೇವೆ ಕೊಡುವ ಕಂಪನಿಯು ಒಬ್ಬನ ಸೈಟನ್ನು ಇನ್ನೊಬ್ಬನದಕ್ಕಿಂತ ಮುಂದೆ ಬಿಡುವುದಕ್ಕೂ ಅಜಗಜಾಂತರ. ಮೊದಲನೆಯದು ಮನೆಯ ಅಡುಗೆ ಕೋಣೆಯ ಸರದಿ. ಎರಡನೆಯದು ರೇಷನ್ ಅಂಗಡಿಯ ಸರದಿ.

ಇನ್ನು ಪರೀಕ್ಷೆಯ ಕ್ರಮ. ಸ್ವಿಚ್ಚನ್ನು ಮುಟ್ಟುವ ಅಧಿಕಾರವಿದ್ದವರಿಗೆ ಹೇಳುತ್ತಿದ್ದೇನೆ. ಒಂದು ಪೋರ್ಟಿನ ಪೊಟ್ಟಣಗಳ ಪ್ರತಿಯನ್ನು ಇನ್ನೊಂದು ಪೋರ್ಟಿಗೆ ಕೊಡುವ ಮಿರರ್ ಸೌಕರ್ಯ ಬಹುತೇಕ ಎಲ್ಲ ಒಳ್ಳೆಯ ಸ್ವಿಚ್ಚುಗಳಲ್ಲಿಯೂ ಇದೆ. ಅಲ್ಲಿ ವೈರ್‌ಶಾರ್ಕ್ ಎಂಬ ಧರ್ಮಾರ್ಥದ ಪ್ರೋಗ್ರಾಮಿರುವ ಕಂಪ್ಯೂಟರನ್ನು ಸಿಕ್ಕಿಸಿ, ಒಂದೇ ಕರೆಯ ಡಿಎಸ್‌ಸಿಪಿಯನ್ನು ಫೋನಿನ ಕಡೆ ಒಮ್ಮೆ, ಸ್ವಿಚ್ಚಿನಿಂದ ಹೊರಡುವ ಕಡೆ ಒಮ್ಮೆ, ರೂಟರು ದಾಟಿದ ಮೇಲೆ ಒಮ್ಮೆ ನೋಡಿ. ಎಲ್ಲಿ ೪೬ ಬದಲಾಯಿತೋ ಅಲ್ಲಿಯೇ ಹುಡುಕಬೇಕು. ಎಲ್ಲಿಯೂ ಬದಲಾಗದಿದ್ದರೆ ಹೊರಡುವ ಪೋರ್ಟಿನ ಒಂದೊಂದು ಸಾಲಿನಲ್ಲಿ ಎಷ್ಟು ಪೊಟ್ಟಣಗಳನ್ನು ಬಿಸಾಡಿದೆಯೆಂಬ ಲೆಕ್ಕವನ್ನು ಸ್ವಿಚ್ಚಿನಿಂದಲೇ ಕೇಳಿ. ಧ್ವನಿಯ ಸಾಲಿನಲ್ಲಿ ಬಿಸಾಡಿದ್ದರೆ ಮಿತಿ ಸಾಲದು. ಸಾಧಾರಣ ಸಾಲಿನಲ್ಲಿ ಬಿಸಾಡಿದ್ದು ನಕಲು ಹೋಗುವ ಹೊತ್ತಿನಲ್ಲಿ ಸಹಜ, ಅದಕ್ಕೆ ಗಾಬರಿ ಬೇಡ. ಪರೀಕ್ಷೆಯನ್ನು ಮಾತು ಒಡೆಯುವ ಹೊತ್ತಿಗೇ ಮಾಡತಕ್ಕದ್ದು, ಬೆಳಗಿನ ಹನ್ನೊಂದಕ್ಕಲ್ಲ.

ಮುಟ್ಟುವ ಅಧಿಕಾರವಿಲ್ಲದೆ ಮಾತಾಡುವ ಕೆಲಸದಲ್ಲಿರುವವರು ಗಂಟೆ, ನಿಮಿಷ, ತಾವು ಕುಳಿತ ಮೇಜಿನ ಸಂಖ್ಯೆ, ಮಾತು ಒಡೆದದ್ದು ನಿಮ್ಮ ಕಡೆಗೋ ಅವರ ಕಡೆಗೋ ಎಂಬುದು, ಇಷ್ಟನ್ನು ಬರೆದಿಡಿ. ಕೊನೆಯದನ್ನು ಜನ ಮರೆಯುತ್ತಾರೆ. ಹೋಗುವ ದಾರಿಯ ಸಾಲು ಬೇರೆ, ಬರುವ ದಾರಿಯ ಸಾಲು ಬೇರೆ. ಒಂದು ಕಡೆ ಗುರುತು ಉಳಿದು ಇನ್ನೊಂದು ಕಡೆ ಅಳಿಯುವುದು ಸಾಮಾನ್ಯ. ದೂರು ಕೊಡುವಾಗ ಲೈನಿನ ಪರೀಕ್ಷೆಯನ್ನಲ್ಲ, ಗುರುತಿನ ಪರೀಕ್ಷೆಯನ್ನು ಕೇಳಿ, ಬರವಣಿಗೆಯಲ್ಲಿ ಕೇಳಿ.

ಆ ಮೇಜಿನ ಮೇಲೆ ಹಳೆಯ ಸ್ವಿಚ್ಚೊಂದನ್ನೂ ಎರಡು ಫೋನುಗಳನ್ನೂ ಒಂದು ಕಂಪ್ಯೂಟರನ್ನೂ ಜೋಡಿಸಿಟ್ಟಿದ್ದೇನೆ. ಚಹ ಆದಮೇಲೆ ನಾಲ್ಕು ನಾಲ್ಕು ಜನರಂತೆ ಬಂದರೆ, ನಂಬಿಕೆಯ ಅಪ್ಪಣೆಯನ್ನು ತೆಗೆದಾಗ ೪೬ ಸೊನ್ನೆಯಾಗುವುದನ್ನು ನಿಮ್ಮ ಕಣ್ಣಿನಿಂದಲೇ ನೋಡಬಹುದು. ಫೋನಿನ ಕೆಲಸದ ಸೋದರಿಯರು ಮೊದಲು ಬರಲಿ; ಅವರಿಗೆ ಪಾಳಿಗೆ ಹೋಗುವುದಿದೆ.